ಕೆಂಪು ನೀರಿನ ಬಾಟಲಿ

ಹಳಿಯಾಳದ ಪೇಟೆಯಲ್ಲಿ ಆ ಬೇಸಿಗೆ ಈಶಪ್ಪನವರ ಅಂಗಡಿಗೆ ಹೋದವರಿಗೆಲ್ಲ ಬೆಲ್ಲ, ಸಕ್ಕರೆಯ ಜೊತೆಗೆ ಅವರ ಮಗಳ ಸುದ್ದಿಯೂ ಸಿಗುತ್ತಿತ್ತು. ತಕ್ಕಡಿಯ ಮುಳ್ಳು ನಿಲ್ಲುವಷ್ಟರಲ್ಲಿ ಅವರು ಮುಂಬಯಿಗೆ ಹೋಗಿ, ಹಡಗು ಹತ್ತಿ, ವಿಲಾಯತಿಯನ್ನೂ ಮುಟ್ಟಿ ಬಂದಿರುತ್ತಿದ್ದರು.

"ನಮ್ಮ ತಾಯವ್ವ ಡಾಕ್ಟರ್ಕಿ ಪಾಸ್ ಆದ್ಲು ನೋಡ್ರಿ. ಮುಂಬಯಿಯಾಗ ದೊಡ್ಡ ಸರ್ಜನ್ ಸಾಹೇಬ್ರು, ನನ್ನ ವಾರ್ಡಿಗೆ ಬಾ ಅಂತ ತಾವ ಕರದಾರ. ಎರಡು ವರ್ಷ ಅವರ ಕೈಕೆಳಗ ಕಲತ್ಲಂದ್ರ ಮುಂದ ವಿಲಾಯತಿ!"

"ಹೌದ್ರ್ಯಾ? ಮತ್ತ ನಿನ್ನೆ ನನ್ನ ಮಗನ ಕಿವ್ಯಾಗಿನ ಕಡ್ಲಿಕಾಳು ತಗದಾಕಿ ಅಕೀನ ಅಲ್ಲೇನ್ರಿ?" ಎಂದು ಯಾರಾದರೂ ಕೇಳಿಬಿಟ್ಟರೆ ಈಶಪ್ಪನವರ ಮುಖ ತುಸು ಚಿಕ್ಕದಾಗುತ್ತಿತ್ತು.

"ಅದು ಶಿವಲಿಂಗಪ್ಪ ಡಾಕ್ಟರು ತಿರುಗಿ ಬರೂತನಕ ಅಷ್ಟ. ಮಳಿ ಶುರು ಆಗೂದ್ರೊಳಗ ಅಕಿ ಮುಂಬಯಿಯಾಗ ಇರ್ತಾಳ."

ಎರಡನೇ ಮಹಾಯುದ್ಧ ಶುರುವಾಗುವುದಕ್ಕೆ ಇನ್ನೂ ಒಂದು ವರ್ಷವಿತ್ತು. ಹಳಿಯಾಳದ ಬೀದಿಗಳಲ್ಲಿ ದಾಂಡೇಲಿಯ ಕಟ್ಟಿಗೆ ಡಿಪೋದ ಕಡೆ ಹೋಗುವ ಗಾಡಿಗಳ ಸದ್ದೇ ದೊಡ್ಡ ಸದ್ದು. ಊರಿಗೆ ಇದ್ದದ್ದು ಒಂದು ಸರಕಾರಿ ಆಸ್ಪತ್ರೆ, ಅದರ ಹೊರತಾಗಿ ಶಿವಲಿಂಗಪ್ಪ ಡಾಕ್ಟರರ ದವಾಖಾನೆ. ಅವರ ಎರಡೂ ಕಣ್ಣಿಗೆ ಪೊರೆ ಬಂದು, ಬರಬರುತ್ತ ಎದುರಿಗೆ ಕೂತವರು ಗಂಡಸೋ ಹೆಂಗಸೋ ಎಂದು ದನಿ ಕೇಳಿ ತಿಳಿಯುವ ಹಾಗಾಗಿತ್ತು. ಮಿರಜಿನ ದೊಡ್ಡ ಆಸ್ಪತ್ರೆಗೆ ಹೋಗಿ ಪೊರೆ ತೆಗೆಸಿಕೊಂಡು ಬರಲು ಹೊರಟಾಗ ಅವರು ತಾಯವ್ವನನ್ನು ಕರೆಸಿದ್ದರು.

"ತಾಯವ್ವಾ, ಊರ ಮಂದಿ ಕಣ್ಣೆಲ್ಲಾ ನೋಡಿದೆ, ನನ್ನ ಕಣ್ಣ ನನಗ ಕಾಣಲಿಲ್ಲ ನೋಡು. ಒಂದು ತಿಂಗಳ ಈ ಕುರ್ಚಿ ಮ್ಯಾಲೆ ಕುಂಡ್ರವಾ. ನಾ ಬಂದ ಮ್ಯಾಲೆ ನಿನಗ ಇಷ್ಟ ಇತ್ತಂದ್ರ ಕುರ್ಚಿ ನಿಂದು, ಮಗ್ಗಲಿಗೆ ಒಂದು ಸ್ಟೂಲ್ ಹಾಕ್ಕೊಂಡು ನಾ ಕುಂಡರತೇನಿ. ಇಷ್ಟ ಇಲ್ಲಂದ್ರ ಖುಷಿಯಿಂದ ಮುಂಬಯಿಗೆ ಹೋಗು. ಈಗ ಏನೂ ಹೇಳಬ್ಯಾಡ."

ತಾಯವ್ವ ಮರುದಿನದಿಂದಲೇ ಆ ಕುರ್ಚಿಯ ಮೇಲೆ ಕೂತಳು. ಮುಂದೇನೆಂದು ಅವಳಿಗೂ ಗೊತ್ತಿರಲಿಲ್ಲ.

ಮುಂಬಯಿಯ ಕೆಲಸ ಅವಳಿಗೆ ಬೇಡವಾಗಿರಲಿಲ್ಲ. ಅವಳ ಕೈ ಹೊಲಿಗೆಗೆ ಹೇಳಿ ಮಾಡಿಸಿದ ಕೈ. ಸರ್ಜನ್ ಸಾಹೇಬರು ಎಲ್ಲರೆದುರಿಗೆ ಹಾಗೆಂದಿದ್ದರು. ಜೂನ್ ಮೊದಲ ವಾರ ಬಂದು ಸೇರಿಕೋ, ಬರದಿದ್ದರೆ ಕಾದಿರುವವರು ಬೇಕಾದಷ್ಟು ಜನರಿದ್ದಾರೆ ಎಂದೂ ಅಂದಿದ್ದರು. ಅವಳ ಜೊತೆಯವರಂತೂ ಊರಿನಲ್ಲಿ ದವಾಖಾನೆ ಇಡುವವರನ್ನು "ಮಿಕ್ಸ್ಚರ್ ಡಾಕ್ಟರು" ಎಂದು ನಗುತ್ತಿದ್ದರು. ಬಾಟಲಿಯಲ್ಲಿ ನೀರು ಕಲಕಿ ಕೊಡುವುದಕ್ಕೆ ಇಷ್ಟು ವರ್ಷ ಓದಬೇಕೇ ಎನ್ನುವುದು ಅವರ ಮಾತು. ತಾಯವ್ವನೂ ಅವರೊಡನೆ ನಕ್ಕಿದ್ದಳು. ಆದರೆ ಒಂದು ಸಣ್ಣ ಮುಳ್ಳು ಮಾತ್ರ ಅವಳಲ್ಲಿ ಉಳಿದಿತ್ತು. ವಾರ್ಡಿನಲ್ಲಿ ರೋಗಿಗಳಿಗೆ ಮಂಚದ ನಂಬರೇ ಹೆಸರು. ಗುಣವಾದವರು ಒಂದು ಬೆಳಿಗ್ಗೆ ಗಂಟು ಕಟ್ಟಿಕೊಂಡು ಹೊರಟುಬಿಡುತ್ತಿದ್ದರು. ಅವರು ಎಲ್ಲಿಗೆ ಹೋದರು, ಮನೆಯಲ್ಲಿ ಯಾರು ಬಾಗಿಲು ತೆರೆದರು, ಯಾರು ಅನ್ನ ಬಡಿಸಿದರು ಎಂಬುದು ಅವಳಿಗೆ ಎಂದೂ ತಿಳಿಯುತ್ತಿರಲಿಲ್ಲ.

ಹಳಿಯಾಳದಲ್ಲಿ ಅದಕ್ಕೆ ಕೊರತೆ ಇರಲಿಲ್ಲ. ತಿಳಿಯುವುದು ಬೇಡವೆಂದರೂ ತಿಳಿಸಿಯೇ ಹೋಗುತ್ತಿದ್ದರು. ಮುಂಡಗೋಡದ ಕಡೆಯ ತಾಂಡಾದಿಂದ ಬಂದ ಭೀಮಿಬಾಯಿ ಎಂಬ ಮುದುಕಿ ಹಲ್ಲು ಕೀಳಿಸಿಕೊಂಡ ಮೇಲೆ ಕೈ ಚಾಚಿ, "ಕೊಡು ಇಲ್ಲಿ. ಅರವತ್ತು ವರ್ಷ ನನ್ನ ಜೋಡಿ ಇತ್ತು, ನಿನ್ನ ಕಸದ ಡಬ್ಬ್ಯಾಗ ಯಾಕ ಬಿಡಲಿ?" ಎಂದು ಹಲ್ಲನ್ನು ಸೆರಗಿಗೆ ಕಟ್ಟಿಕೊಂಡು ಹೋದಳು. ಡಿಪೋದಲ್ಲಿ ದಿಮ್ಮಿಯ ಕೆಳಗೆ ಹೆಬ್ಬೆರಳು ಜಜ್ಜಿಸಿಕೊಂಡವನೊಬ್ಬ, ಹೊಲಿಗೆ ಹಾಕುವಾಗ ನೋವು ಮರೆಯಲು ಮಗಳ ಮದುವೆಯ ಮಾತುಕತೆಯನ್ನು ಪೂರ್ತಿ ಹೇಳಿ, "ಹುಡುಗ ಹೆಂಗ ಅನಸ್ತಾನ್ರಿ ನಿಮಗ?" ಎಂದು ಕೇಳಿದ. ತಾಯವ್ವ ಸೂಜಿ ಹಿಡಿದುಕೊಂಡೇ ತನ್ನ ಅಭಿಪ್ರಾಯ ಹೇಳಬೇಕಾಯಿತು.

ದವಾಖಾನೆಯ ಹಿಂದಿನ ಕೋಣೆ ಕಂಪೌಂಡರ್ ಚನಬಸಪ್ಪನ ರಾಜ್ಯ. ಬಾಯಿಗೆ ಬೀಗವಿಲ್ಲದ, ಮನಸ್ಸಿನಲ್ಲಿ ಕೆಟ್ಟದ್ದಿಲ್ಲದ ಮನುಷ್ಯ. ಜನ ತಮ್ಮ ತಮ್ಮ ಬಾಟಲಿ ತೊಳೆದು ತರುತ್ತಿದ್ದರು. ಅವನು ಔಷಧಿ ತುಂಬಿ, ಕಾಗದದ ಪಟ್ಟಿಗೆ ಕತ್ತರಿಯಿಂದ ಹಲ್ಲು ಹಲ್ಲಾಗಿ ಕಚ್ಚು ಹಾಕಿ, ಬಾಟಲಿಗೆ ಅಂಟಿಸಿ, "ಒಂದು ಹೊತ್ತಿಗೆ ಒಂದು ಹಲ್ಲು" ಎಂದು ಹೇಳಿಕೊಡುತ್ತಿದ್ದ. ಅಲ್ಲಿ ತಾಯವ್ವನ ಕಣ್ಣಿಗೆ ಬಿದ್ದದ್ದು ದೊಡ್ಡದೊಂದು ಭರಣಿ. ಒಳಗೆ ಕೆಂಪು ನೀರು.

"ಇದೇನು ಚನಬಸಪ್ಪಾ?"

"ಅದು ಎರಡನೇ ಬಾಟ್ಲಿದ್ದು ಅಕ್ಕಾರ. ಸಕ್ಕರಿ ನೀರು, ಒಂದೀಟು ಪೆಪರಮಿಂಟು, ಒಂದು ಚಿಟಿಕಿ ಬಣ್ಣ. ನಿಮ್ಮ ಅಪ್ಪಾರ ಅಂಗಡಿ ಸಕ್ಕರೀನರೀ."

"ಯಾವ ರೋಗಕ್ಕ?"

"ರೋಗಕ್ಕಲ್ರಿ. ಸಾಂಬ್ರಾಣಿ ಊರಿನ ಆಚೆ ಕಾಡಿನ ಕಡೆ ಸಿದ್ದಿಯರ ಕೇರಿ ಐತಲ್ಲ, ಅಲ್ಲಿಂದ ಯಾರ ಬಂದ್ರೂ ಔಷಧದ ಬಾಟ್ಲಿ ಜೋಡಿ ಇದೊಂದು ಬಾಟ್ಲಿ ಪುಕಟ. ಡಾಕ್ಟರ್ ಸಾಹೇಬರ ಪದ್ಧತಿ."

"ಯಾಕ?"

ಚನಬಸಪ್ಪ ತಲೆ ಕೆರೆದುಕೊಂಡ. "ಯಾಕ ಅಂತ ನಾ ಕೇಳಿಲ್ರಿ. ದೂರದಿಂದ ಬರ್ತಾರಂತ ಇರಬಹುದು. ಇಲ್ಲಾ, ಸಾಹೇಬರ ಕೈ ದೊಡ್ಡದು, ಹಂಗಂತ ಕೊಡತಾರ."

ತಾಯವ್ವನಿಗೆ ಸರಿಬರಲಿಲ್ಲ. ಔಷಧಿಯಿಲ್ಲದ ಬಣ್ಣದ ನೀರು ಕೊಟ್ಟು ಔಷಧಿ ಕೊಟ್ಟೆನೆಂದು ನಂಬಿಸುವ ಡಾಕ್ಟರ್ ಡಾಕ್ಟರನೇ ಅಲ್ಲ ಎಂದು ಅವಳ ಗುರುಗಳು ಮೇಜು ಗುದ್ದಿ ಹೇಳಿದ್ದರು. ಓದು ಬರಹವಿಲ್ಲದ ಜನ ಎರಡು ಬಾಟಲಿ ಕಂಡು ಎರಡು ಪಟ್ಟು ಗುಣವಾಯಿತೆಂದುಕೊಳ್ಳಲಿ ಎಂಬ ಉಪಾಯವಿದು ಎಂದು ಅವಳು ತೀರ್ಮಾನಿಸಿದಳು. ಡಾಕ್ಟರ್ ಕಾಕಾ ಒಳ್ಳೆಯವರು, ಆದರೆ ಹಳೇ ಕಾಲದವರು.

"ಇನ್ನ ಮ್ಯಾಲೆ ಇದು ಬ್ಯಾಡ. ಒಂದ ಬಾಟ್ಲಿ. ಅದರಾಗ ಖರೇ ಔಷಧ."

ಚನಬಸಪ್ಪ ಭರಣಿಯ ಬಾಯಿಗೆ ಬಟ್ಟೆ ಕಟ್ಟಿ ಮೂಲೆಗೆ ಸರಿಸಿದ. ಸಕ್ಕರೆಯ ಗಿರಾಕಿ ಒಂದು ಕಡಿಮೆಯಾಯಿತೆಂದು ಈಶಪ್ಪನವರು ಗೊಣಗಿದರೂ, "ಓದಿದ ಮಗಳು, ಲೆಕ್ಕಾಚಾರ ಗೊತ್ತೈತಿ," ಎಂದು ಒಳಗೊಳಗೇ ಹಿಗ್ಗಿದರು.

ಸಂತೆಯ ದಿನ ಪಾವ್ಲು ಬಂದ. ಕಾಡಿನಂಚಿನ ಸಿದ್ದಿಯರ ಕೇರಿಯವನು, ಎತ್ತರದ, ನಾಚಿಕೆಯ ಮನುಷ್ಯ. ಹೆಂಡತಿ ಮರಿಯಾಳನ್ನು ಕಂಬಳಿ ಹೊದಿಸಿ ಕರೆತಂದಿದ್ದ. ಮೇ ತಿಂಗಳ ಬಿಸಿಲಿನಲ್ಲಿ ಅವಳು ಗಡಗಡ ನಡುಗುತ್ತಿದ್ದಳು. ದಿನ ಬಿಟ್ಟು ದಿನ ಚಳಿ, ಆಮೇಲೆ ಸುಡುವ ಜ್ವರ, ಆಮೇಲೆ ಬೆವರು. ಹೊಟ್ಟೆಯ ಎಡಕ್ಕೆ ಊದಿಕೊಂಡ ಗುಲ್ಮ ಕೈಗೆ ಸಿಗುತ್ತಿತ್ತು. ಈ ಸೀಮೆಯಲ್ಲಿ ಹುಟ್ಟಿದವರು ಯಾರೂ ಡಾಕ್ಟರ್ಕಿ ಓದದೆಯೂ ಹೇಳಬಹುದಾದ ಮಲೇರಿಯಾ. ತಾಯವ್ವ ಕ್ವಿನೈನ್ ಮಿಕ್ಸ್ಚರ್ ಬರೆದಳು.

ಪಾವ್ಲು ಬಾಟಲಿ ಇಸಿದುಕೊಂಡು ನಿಂತೇ ಇದ್ದ. ಅವನ ಕೇರಿಯವರು ಡಾಕ್ಟರಮ್ಮನನ್ನು ಕರೆಯುವುದು "ಬಾಯಿ" ಎಂದೇ.

"ಒಂದ ಬಾಟ್ಲಿ ಏನ್ರಿ ಬಾಯಿ?"

"ಒಂದ ಸಾಕಪ್ಪ. ದಿನಾ ಮೂರು ಹೊತ್ತು. ಮುಗಿಯೂತನಕ ಬಿಡಬ್ಯಾಡ."

ಪಾವ್ಲು ಚನಬಸಪ್ಪನ ಮುಖ ನೋಡಿದ. ಚನಬಸಪ್ಪ ಮೇಲಿನ ಹಂಚು ನೋಡಿದ. "ಆತ್ರಿ ಬಾಯಿ," ಎಂದು ಪಾವ್ಲು ಹೆಂಡತಿಯನ್ನು ಕರೆದುಕೊಂಡು ಹೊರಟ.

ಮುಂದಿನ ಸಂತೆಗೆ ಇಬ್ಬರೂ ಮತ್ತೆ ಬಂದರು. ಜ್ವರ ಇದ್ದ ಹಾಗೇ ಇತ್ತು.

"ಔಷಧ ಬಿಡದ ಕೊಟ್ಟೀಯೇನು?"

"ಬಿಟ್ಟಿಲ್ರಿ ಬಾಯಿ. ಬಾಟ್ಲಿ ಖಾಲಿ ಆಗೇತಿ ನೋಡ್ರಿ," ಎಂದು ಪಾವ್ಲು ಬಾಟಲಿಯನ್ನು ಬೋರಲು ಹಿಡಿದು ತೋರಿಸಿದ. ಅವನ ಮಾತಿನಲ್ಲಿ ಸುಳ್ಳಿನ ಸುಳಿವೂ ಇರಲಿಲ್ಲ.

ತಾಯವ್ವ ಇನ್ನೂ ದೊಡ್ಡ ಬಾಟಲಿ ತುಂಬಿಸಿ ಕೊಟ್ಟಳು. ಮೂರನೆಯ ಸಂತೆಗೆ ಪಾವ್ಲು ಒಬ್ಬನೇ ಬಂದ. ಮರಿಯಾ ಗಾಡಿ ಹತ್ತುವ ಸ್ಥಿತಿಯಲ್ಲಿಲ್ಲ ಎಂದ. ಹೇಳುವಾಗ ತಲೆಯ ರುಮಾಲನ್ನು ಬಿಚ್ಚಿ ಸುತ್ತಿ, ಬಿಚ್ಚಿ ಸುತ್ತಿ ಮಾಡುತ್ತಿದ್ದ.

ತಾಯವ್ವ ಯೋಚನೆಗೆ ಬಿದ್ದಳು. ತಾನು ಗುರುತಿಸಿದ್ದೇ ತಪ್ಪೇ? ವಿಷಮಶೀತ ಜ್ವರವೇ? ಗುಲ್ಮದ ಬೇರೆ ಯಾವುದಾದರೂ ರೋಗವೇ? ಪುಸ್ತಕಗಳನ್ನೆಲ್ಲ ಮನಸ್ಸಿನಲ್ಲೇ ತಿರುವಿ ಹಾಕಿದಳು. ಒಂದು ಮಲೇರಿಯಾವನ್ನು ಇಳಿಸಲಾಗದವಳು ಈ ಕುರ್ಚಿಗೂ ಲಾಯಕ್ಕಲ್ಲ, ಮುಂಬಯಿಯ ಮೇಜಿಗೂ ಲಾಯಕ್ಕಲ್ಲ ಎನಿಸಿತು.

"ಮಿರಜಿಗೆ ಕಳಸೂಣೇನ್ರಿ ಅಕ್ಕಾರ? ಇಲ್ಲಾ ನಿಮ್ಮ ಮುಂಬಯಿಗೆ?" ಎಂದ ಚನಬಸಪ್ಪ.

ಮುಂಬಯಿ ಎಂದೊಡನೆ ತಾಯವ್ವನಿಗೆ ವಾರ್ಡು ಕಣ್ಣ ಮುಂದೆ ಬಂತು. ಅಷ್ಟು ವರ್ಷಗಳಲ್ಲಿ ತಾನು ಒಬ್ಬ ರೋಗಿಯ ಅಡಿಗೆಮನೆಯನ್ನೂ ನೋಡಿಲ್ಲವಲ್ಲ ಎಂಬುದು ಆಗ ಹೊಳೆಯಿತು.

"ಎಲ್ಲಿಗೂ ಬ್ಯಾಡ. ನಾನ ಹೋಗತೇನಿ. ದ್ಯಾಮಪ್ಪಗ ಗಾಡಿ ಹೂಡಂತ ಹೇಳು."

ದ್ಯಾಮಪ್ಪ ಊರಿನ ಬಾಡಿಗೆ ಗಾಡಿಯವನು. ಹಿಂದೆ ಹುಲ್ಲಿನ ಮೇಲೆ ಕಂಬಳಿ ಹಾಸಿ ತಾಯವ್ವನನ್ನೂ ಪಾವ್ಲುವನ್ನೂ ಕೂರಿಸಿಕೊಂಡು, ಸಾಂಬ್ರಾಣಿಯ ದಾರಿ ಹಿಡಿಯುವ ಮೊದಲೇ ಮಾತು ಶುರುಮಾಡಿದ.

"ಮುಂಬಯಿಯಾಗ ಕಣ್ಣಿಗೊಬ್ಬ, ಕಿವಿಗೊಬ್ಬ, ಹೊಟ್ಟಿಗೊಬ್ಬ ಡಾಕ್ಟರ್ ಇರ್ತಾರಂತಲ್ರಿ ಅಕ್ಕಾರ, ಖರೇನ?"

"ಖರೇ ದ್ಯಾಮಪ್ಪಾ."

"ಹಂಗಾದ್ರ ನನ್ನ ಎತ್ತಿಗೆ ಆರಾಮ ಇಲ್ಲಂದ್ರ ಮುಂದಿನ ಕಾಲಿಗೊಬ್ಬ, ಹಿಂದಿನ ಕಾಲಿಗೊಬ್ಬ, ಬಾಲಕ್ಕೊಬ್ಬ ಬರಬೇಕು. ಅವರೆಲ್ಲಾ ಬರೂದ್ರೊಳಗ ಎತ್ತು ತಾನ ಎದ್ದು ಹೊಲಕ್ಕ ಹೋಗಿರ್ತೈತಿ!"

ಚಿಂತೆಯ ನಡುವೆಯೂ ತಾಯವ್ವನಿಗೆ ನಗು ಬಂತು. ಪಾವ್ಲು ಕೂಡ ಮೊದಲ ಸಲ ನಕ್ಕ. ದಾರಿಯಲ್ಲಿ ಅವನು ಗಾಡಿ ನಿಲ್ಲಿಸಲು ಹೇಳಿ ಪೊದೆಯಿಂದ ಕವಳಿ ಹಣ್ಣು ಕಿತ್ತು ತಂದು, ಎಲೆಯಲ್ಲಿಟ್ಟು ಮೊದಲು ತಾಯವ್ವನಿಗೆ, ಆಮೇಲೆ ದ್ಯಾಮಪ್ಪನಿಗೆ, ಉಳಿದದ್ದನ್ನು ತಾನು ತೆಗೆದುಕೊಂಡ. ಉಳಿದದ್ದು ನಾಲ್ಕೇ ಹಣ್ಣು ಎಂಬುದನ್ನು ತಾಯವ್ವ ಕಂಡಳು, ಆದರೆ ಅದರ ಬಗ್ಗೆ ಹೆಚ್ಚು ಯೋಚಿಸಲಿಲ್ಲ.

ಕೇರಿ ಎಂದರೆ ಕಾಡು ಕಡಿದು ಮಾಡಿದ ಬಯಲಿನಲ್ಲಿ ಹತ್ತಾರು ಮನೆ, ಒಂದು ಬಾವಿ, ಹಲಸಿನ ಮರದ ಕೆಳಗೆ ಕಟ್ಟಿಗೆಯ ಶಿಲುಬೆ. ಅಂಗಳಗಳೆಲ್ಲ ಸಗಣಿಯಿಂದ ಸಾರಿಸಿ ಕನ್ನಡಿಯಂತಿದ್ದವು. ಮರಿಯಾ ಜಗಲಿಯ ಮೇಲೆ ಚಾಪೆಯಲ್ಲಿ ಮಲಗಿದ್ದಳು. ಅತ್ತೆ ಕಾತರಿನಾ ತಲೆದೆಸೆಯಲ್ಲಿ ಕೂತು ಬೀಸಣಿಗೆ ಬೀಸುತ್ತಿದ್ದಳು. ಬಿಳಿಗೂದಲಿನ ಗಟ್ಟಿ ಹೆಂಗಸು, ನಕ್ಕರೆ ಇಡೀ ಮುಖ ನಗುವಂಥವಳು.

"ನೀವ ಬಂದ್ರ್ಯಾ ಬಾಯಿ! ಮುದುಕ ಡಾಕ್ಟರ್ ಬಿಟ್ರ ನಮ್ಮ ಕೇರಿಗೆ ಡಾಕ್ಟರ್ ಅಂತ ಬಂದವ್ರು ನೀವ ನೋಡ್ರಿ."

ತಾಯವ್ವ ಮರಿಯಾಳ ನಾಡಿ ನೋಡಿದಳು, ಗುಲ್ಮ ಮುಟ್ಟಿದಳು, ನಾಲಿಗೆ ನೋಡಿದಳು, ರೆಪ್ಪೆ ಎಳೆದು ಕಣ್ಣು ನೋಡಿದಳು. ಬೇರೆ ರೋಗದ ಗುರುತು ಒಂದೂ ಇಲ್ಲ. ಅದೇ ಜ್ವರ, ಒಂದು ಹನಿ ಔಷಧಿಯೂ ಮುಟ್ಟದವರ ಜ್ವರದ ಹಾಗೆ.

"ಔಷಧ ಕೊಡೂ ಹೊತ್ತಾತೇನು? ನನ್ನ ಮುಂದ ಕೊಡ್ರಿ ನೋಡೂಣು."

"ಹೊತ್ತು ಆಗೇತ್ರಿ," ಎಂದು ಕಾತರಿನಾ ಎದ್ದು ಅಂಗಳಕ್ಕೆ ಹೋಗಿ ಗಟ್ಟಿಯಾಗಿ ಕೂಗಿದಳು, "ಬರ್ರೋ, ಔಷಧದ ಹೊತ್ತಾತು!"

ಮನೆಮನೆಯಿಂದ ಜನ ಬಂದರು. ಭತ್ತ ಕುಟ್ಟುತ್ತಿದ್ದ ಹೆಂಗಸರು ಒನಕೆ ಬಿಟ್ಟು ಬಂದರು. ಕೋಲೂರಿಕೊಂಡು ಮುದುಕನೊಬ್ಬ ಬಂದ. ಎಲ್ಲರೂ ಮರಿಯಾಳ ಚಾಪೆಯ ಸುತ್ತ ಪಂಕ್ತಿಗೆ ಕೂತ ಹಾಗೆ ಕೂತರು. ಕಾತರಿನಾ ತೆಂಗಿನ ಚಿಪ್ಪಿನ ಸೌಟು ತಂದು, ಬಾಟಲಿಯಲ್ಲಿ ಉಳಿದಿದ್ದ ಒಂದು ಹಲ್ಲು ಔಷಧಿಯನ್ನು ಅದಕ್ಕೆ ಬಗ್ಗಿಸಿ, ಒಂದು ಸಣ್ಣ ಗುಟುಕು ಮರಿಯಾಳಿಗೆ ಕುಡಿಸಿದಳು. ಇನ್ನೊಂದು ಗುಟುಕನ್ನು ಪಕ್ಕದವಳಿಗೆ ಕೊಟ್ಟಳು. ಆಮೇಲೆ ಮುದುಕನಿಗೆ. ಹೀಗೆ ಸೌಟು ಸುತ್ತುತ್ತ ಹೋಯಿತು. ಒಬ್ಬೊಬ್ಬರೂ ಕಣ್ಣು ಮುಚ್ಚಿ, ಮೂಗು ಕಿವುಚಿ, ಮೈ ಕೊಡವಿ ಕುಡಿದರು. ಯಾರೂ ಬೇಡವೆನ್ನಲಿಲ್ಲ. ಕೊನೆಯ ಗುಟುಕನ್ನು ಕಾತರಿನಾ ತಾನು ಕುಡಿದು ಬಾಟಲಿಯನ್ನು ಬೋರಲಿಟ್ಟಳು.

ತಾಯವ್ವ ಬೆಪ್ಪಾಗಿ ನೋಡಿದಳು.

"ಇದು ಅಕಿ ಔಷಧ ಅಲ್ಲೇನಬೇ? ಜ್ವರ ಅಕಿಗೆ. ನೀವೆಲ್ಲಾ ಯಾಕ ಕುಡೀತೀರಿ?"

ಕಾತರಿನಾಳಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ ಎನ್ನುವಂತಿತ್ತು ಅವಳ ಮುಖ.

"ಮತ್ತ ಅಕಿ ಒಬ್ಬಾಕೀನ ಕುಡೀಬೇಕೇನ್ರಿ ಬಾಯಿ? ಅಷ್ಟು ಕಹಿ ಐತಿ. ಸೊಸಿ ಒಬ್ಬಾಕಿ ಕಹಿ ಕುಡಿಯೂದು, ನಾವು ಸುತ್ತ ಕುಂತು ನೋಡೂದು? ಜೇನು ತಂದ್ರ ಕೇರಿಗೆಲ್ಲಾ ಪಾಲು ಹಾಕತೇವಿ, ಹಲಸಿನ ಹಣ್ಣು ಕೊಯ್ದ್ರ ಪಾಲು ಹಾಕತೇವಿ. ಕಹಿ ಬಂದಾಗ ಅಷ್ಟ ಬ್ಯಾರೆ ಆಗೂದು ಹೆಂಗ?"

"ಹಂಗಾದ್ರ ಡಾಕ್ಟರ್ ಕಾಕಾ ಔಷಧ ಕೊಟ್ಟಾಗ?"

"ಅವರು ಎರಡು ಬಾಟ್ಲಿ ಕೊಡತಿದ್ರು. ಕಹಿ ಬಾಟ್ಲಿ ಆರಾಮ ಇಲ್ಲದಾಕಿಗೆ, ಕೆಂಪು ನೀರಿನ ಬಾಟ್ಲಿ ನಮಗ. ಅಕಿ ಕಹಿ ಕುಡದ್ಲು, ನಾವೂ ಅಕಿ ಜೋಡಿ ಕುಡದ್ವಿ. ಎಲ್ಲಾರೂ ಕುಡದಂಗ ಆತು." ಕಾತರಿನಾ ದನಿ ತಗ್ಗಿಸಿದಳು. "ಈ ಸಲ ನೀವು ಒಂದ ಬಾಟ್ಲಿ ಕೊಟ್ರಿ. ಸಕ್ಕರಿ ತುಟ್ಟಿ ಆಗೇತೋ ಏನೋ, ಹೊಸಾ ಡಾಕ್ಟರ್ ಬಾಯಿಗೆ ಕೇಳಿದ್ರ ಚಲೋ ಅಲ್ಲಂತ ಕಹೀನ ಹಂಚಿಕೊಂಡ್ವಿ."

"ನನ್ನ ಮೊಣಕಾಲು ನೋವು ಮಾತ್ರ ಹೋತ್ರಿ," ಎಂದ ಕೋಲಿನ ಮುದುಕ, ತಾಯವ್ವನಿಗೆ ಬೇಸರವಾದೀತೆಂದು.

ತಾಯವ್ವನಿಗೆ ಒಮ್ಮೆಲೇ ನಗುವೂ ಬಂತು, ಕಣ್ಣೂ ತುಂಬಿತು. ಭರಣಿಗೆ ಬಟ್ಟೆ ಕಟ್ಟಿಸಿದ್ದು ತಾನೇ. ಇಷ್ಟು ದಿನ ಈ ಕೇರಿಯ ಆರೋಗ್ಯವಂತರೆಲ್ಲ, ತನ್ನ ಮರ್ಯಾದೆ ಕಾಯುತ್ತ, ದಿನಕ್ಕೆ ಮೂರು ಹೊತ್ತು ಕ್ವಿನೈನ್ ಕುಡಿದಿದ್ದರು. ಮರಿಯಾಳ ಪಾಲಿಗೆ ಬಂದದ್ದು ಒಂದೊಂದು ಗುಟುಕು.

ಚೀಲದಲ್ಲಿ ಹೊಸ ಬಾಟಲಿಯೇನೋ ಇತ್ತು. ಇಲ್ಲದ್ದು ಕೆಂಪು ನೀರು. "ಇದನ್ನು ಯಾರಿಗೂ ಕೊಡಬೇಡಿ" ಎಂದು ಆಜ್ಞೆ ಮಾಡಿ ಹೋಗಬಹುದಿತ್ತು. ವಾರ್ಡಿನಲ್ಲಾಗಿದ್ದರೆ ಹಾಗೇ ಮಾಡುತ್ತಿದ್ದಳು. ಆದರೆ ಸುತ್ತ ಕೂತವರ ಮುಖಗಳನ್ನು ನೋಡಿದಳು. ಒಬ್ಬ ಹೆಂಗಸಿನ ಬಾಯಿ ಇನ್ನೂ ಕಹಿಗೆ ಸೊಟ್ಟಗಾಗಿಯೇ ಇತ್ತು, ಆದರೂ ಅವಳ ಕೈ ಮರಿಯಾಳ ಪಾದ ಒತ್ತುತ್ತಿತ್ತು.

"ಕಾತರಿನಾಬಾಯಿ, ಮನ್ಯಾಗ ಮುರುಗಲ ಸಿಪ್ಪಿ ಐತೇನು? ಬೆಲ್ಲ?"

"ಎರಡೂ ಐತ್ರಿ. ಯಾಕ?"

ತಾಯವ್ವ ಸೆರಗು ಸಿಕ್ಕಿಸಿಕೊಂಡು ಅವಳ ಹಿಂದೆ ಅಡಿಗೆಮನೆಗೆ ಹೋದಳು. ಒಣಗಿಸಿಟ್ಟ ಮುರುಗಲ ಹಣ್ಣಿನ ಹುಳಿ ಸಿಪ್ಪೆಯನ್ನು ಬಿಸಿನೀರಿನಲ್ಲಿ ಹಿಸುಕಿದಾಗ ನೀರು ಭರಣಿಯ ನೀರಿಗಿಂತಲೂ ಚೆಂದದ ಕೆಂಪಾಯಿತು. ಬೆಲ್ಲ ಕರಗಿಸಿ, ಮಡಕೆಯ ತಣ್ಣೀರು ಬೆರೆಸಿ, ಕೊಡದ ತುಂಬ ಪಾನಕ ಮಾಡಿ ಹೊರಗೆ ತಂದಳು.

"ಕೇಳ್ರಿ ಎಲ್ಲಾರೂ. ತಪ್ಪು ನಂದು. ಎರಡನೇ ಬಾಟ್ಲಿ ಕೊಡೂದು ನಾನ ನಿಲ್ಲಿಸಿದ್ದೆ. ಇವತ್ತಿನಿಂದ ಕಹಿ ಮರಿಯಾಗ, ಕೆಂಪು ನಿಮಗ. ಒಂದು ಹನಿ ಕಹಿನೂ ಬ್ಯಾರೆಯವರ ಬಾಯಿಗೆ ಹೋಗಬಾರದು."

"ಹಂಗಾದ್ರ ನೀವೂ ಕುಂಡ್ರಿ," ಎಂದಳು ಕಾತರಿನಾ ಜಾಗ ಮಾಡಿಕೊಡುತ್ತ. "ನಿಮಗ ಕೆಂಪು ಬೇಕೋ, ಕಹಿ ಬೇಕೋ?"

ಕೇಳಿದ್ದು ತಮಾಷೆಗೆ. ಆದರೆ ತಾಯವ್ವ ಯೋಚಿಸಿ, "ನಾ ಕಹೀನ ಕುಡೀತೇನಿ," ಎಂದಳು. ಎಷ್ಟೋ ಜನರಿಗೆ ಕ್ವಿನೈನ್ ಬರೆದುಕೊಟ್ಟಿದ್ದರೂ ಅದನ್ನು ನಾಲಿಗೆಯ ಮೇಲಿಟ್ಟುಕೊಂಡವಳಲ್ಲ. ಹೊಸ ಬಾಟಲಿಯಿಂದ ಕಾತರಿನಾ ಸೌಟಿನಲ್ಲಿ ಹಾಕಿಕೊಟ್ಟ ಗುಟುಕು ಬಾಯಿಗೆ ಬಿದ್ದೊಡನೆ ಅವಳ ಕಣ್ಣು, ಮೂಗು, ಬಾಯಿ ಎಲ್ಲವೂ ಒಂದು ಕಡೆ ಸೇರಿ ಗಂಟಾದವು. ಕೇರಿಗೆ ಕೇರಿಯೇ ಹೋ ಎಂದು ನಕ್ಕಿತು. ಗಾಡಿಯ ಹತ್ತಿರ ಬೀಡಿ ಸೇದುತ್ತಿದ್ದ ದ್ಯಾಮಪ್ಪ ಏನಾಯಿತೆಂದು ಓಡಿಬಂದ. ಚಾಪೆಯ ಮೇಲಿದ್ದ ಮರಿಯಾ ಸಣ್ಣ ದನಿಯಲ್ಲಿ, "ಈಗ ಗೊತ್ತಾತೇನ್ರಿ ಬಾಯಿ?" ಎಂದಳು. ಅವಳು ಅಷ್ಟು ಹೊತ್ತಿನಲ್ಲಿ ಆಡಿದ ಮೊದಲ ಮಾತು ಅದು. ಹೇಳಿ ತಾನೂ ನಕ್ಕು, ತನ್ನ ಪಾಲಿನ ಪೂರ್ತಿ ಔಷಧಿಯನ್ನು ಒಂದೇ ಉಸಿರಿಗೆ ಕುಡಿದಳು.

ಹಿಂದಿರುಗುವಾಗ ದಾರಿಯುದ್ದಕ್ಕೂ ತಾಯವ್ವನ ಬಾಯಿಯ ಕಹಿ ಹೋಗಲಿಲ್ಲ. ಮರಿಯಾ ಮುಂಬಯಿಯ ವಾರ್ಡಿನಲ್ಲಿದ್ದರೆ ಗುಣವಾಗುತ್ತಿದ್ದಳು, ಅದು ನಿಜ. ಅಲ್ಲಿ ನರ್ಸು ಕುಡಿಸುತ್ತಿದ್ದಳು, ಪಾಲು ಕೇಳಲು ಯಾರೂ ಇರುತ್ತಿರಲಿಲ್ಲ. ಸರ್ಜನ್ ಸಾಹೇಬರು ಮಾಡುವುದೂ ಪುಣ್ಯದ ಕೆಲಸವೇ, ಅದನ್ನು ಕಲಿಯುವ ಕೈ ತನಗಿದೆ. ಆದರೆ ಅಲ್ಲಿ ಈ ಜಗಲಿ ಇರುವುದಿಲ್ಲವಲ್ಲ. ಯಾವ ಮನೆಯಲ್ಲಿ ಔಷಧಿ ಯಾರ ಹೊಟ್ಟೆಗೆ ಹೋಗುತ್ತದೆ, ಯಾಕೆ ಹೋಗುತ್ತದೆ ಎಂದು ತಿಳಿಯುವುದೂ ಡಾಕ್ಟರ್ಕಿಯೇ ಎಂದು ಇಷ್ಟು ಓದಿದ ಮೇಲೆ ಇವತ್ತು ಗೊತ್ತಾಯಿತು. ಇನ್ನು ಸಾಂಬ್ರಾಣಿಯಲ್ಲಿ ಏನಿದೆಯೋ, ಜೋಯಿಡಾದ ಕಡೆ ಅಣಶಿಯಲ್ಲಿ ಏನಿದೆಯೋ, ಆ ಭೀಮಿಬಾಯಿಯ ತಾಂಡಾದಲ್ಲಿ ಏನಿದೆಯೋ. ಎಲ್ಲವನ್ನೂ ನೋಡಬೇಕೆಂಬ ಆಸೆ ಹುಟ್ಟಿತು. ಅಂಥ ಆಸೆ ಅವಳಿಗೆ ವಿಲಾಯತಿಯ ಬಗ್ಗೆ ಎಂದೂ ಹುಟ್ಟಿರಲಿಲ್ಲ.

ಆದರೂ ಅವಳು ಯಾರ ಮುಂದೆಯೂ ಬಾಯಿ ಬಿಡಲಿಲ್ಲ. ಮೊದಲು ಮರಿಯಾಳ ಜ್ವರ ಇಳಿಯಲಿ ಎಂದುಕೊಂಡಳು.

ಮೇ ತಿಂಗಳು ಮುಗಿಯುವ ಹೊತ್ತಿಗೆ ಶಿವಲಿಂಗಪ್ಪ ಡಾಕ್ಟರು ಕಣ್ಣಿನ ಮೇಲೆ ಹಸಿರು ಮರೆ ಕಟ್ಟಿಕೊಂಡು ಮಿರಜಿನಿಂದ ಬಂದರು. ಬಂದವರು ದವಾಖಾನೆಯಲ್ಲಿ ತಮ್ಮ ಕುರ್ಚಿ ಬಿಟ್ಟು ಸ್ಟೂಲಿನ ಮೇಲೆ ಕೂತು ತಾಯವ್ವನಿಂದ ಕಥೆಯನ್ನೆಲ್ಲ ಕೇಳಿದರು. ಹೊಟ್ಟೆ ಹಿಡಿದುಕೊಂಡು ನಕ್ಕರು. ಕಣ್ಣಿಗೆ ನೀರು ಬರಬಾರದು ಎಂದು ಚನಬಸಪ್ಪ ಗದರಿಸಬೇಕಾಯಿತು.

"ನೀವು ಹೋಗೂ ಮುಂದ ಒಂದು ಮಾತು ಹೇಳಬಾರದೇನ್ರಿ ಕಾಕಾ, ಎರಡನೇ ಬಾಟ್ಲಿ ಯಾತಕ್ಕಂತ?"

"ನನಗ ನೆನಪಿದ್ರ ಹೇಳತಿದ್ದೆ! ಮೂವತ್ತು ವರ್ಷದ ಹಿಂದ ಯಾರೋ ಹೇಳಿದ್ರು, ಕೊಡಾಕ ಶುರು ಮಾಡಿದೆ. ಆಮ್ಯಾಲೆ ಕೈಗೆ ರೂಢಿ ಆತು. ಯಾಕಂತ ನಾನ ಮರತಬಿಟ್ಟಿದ್ದೆ ನೋಡವಾ."

"ನೀವು ಈ ಊರು ಯಾಕ ಆರಿಸಿಕೊಂಡ್ರಿ ಕಾಕಾ? ಅದಾದ್ರೂ ನೆನಪೈತೇನು?"

"ನಾ ಎಲ್ಲಿ ಆರಿಸಿದೆ? ಪುಣೆಗೆ ಹೋಗಾಕ ಟ್ರಂಕ್ ಕಟ್ಟಿಟ್ಟಿದ್ದೆ. ಅವತ್ತ ಒಬ್ಬಾಕಿ ಹೆರಿಗಿಗೆ ಕರದ್ರು. ಮರುದಿನ ಕೂಸಿಗೆ ಹೆಸರು ಇಡೂತನಕ ಇರ್ರಿ ಅಂದ್ರು. ಹೆಸರಿಟ್ಟ ಮ್ಯಾಲೆ ಆ ಕೂಸಿಗೆ ಕೆಮ್ಮು. ಕೆಮ್ಮು ಹೋಗೂದ್ರೊಳಗ ಮಳಿಗಾಲ." ಡಾಕ್ಟರು ಹಸಿರು ಮರೆಯನ್ನು ತುಸು ಎತ್ತಿ ಚನಬಸಪ್ಪನ ಕಡೆ ನೋಡಿದರು. "ಆ ಕೂಸು ಈಗ ಅಲ್ಲಿ ಬಾಟ್ಲಿ ತೊಳಿಯಾಕ ಹತ್ತೈತಿ ನೋಡು."

ಚನಬಸಪ್ಪ ಬಾಟಲಿ ಹಿಡಿದುಕೊಂಡೇ ನಾಚಿಕೊಂಡು ನಕ್ಕ.

ಅಷ್ಟರಲ್ಲಿ ಬಾಗಿಲಲ್ಲಿ ನೆರಳು ಬಿತ್ತು. ಪಾವ್ಲು. ಅವನ ಹಿಂದೆ, ಯಾರ ಆಸರೆಯೂ ಇಲ್ಲದೆ, ತಲೆಗೆ ಅಬ್ಬಲಿಗೆ ಮುಡಿದ ಮರಿಯಾ. ಮುಖದ ಸೊರಗು ಇನ್ನೂ ಪೂರ್ತಿ ಹೋಗಿರಲಿಲ್ಲ, ಆದರೆ ಕಣ್ಣು ಹೊಳೆಯುತ್ತಿತ್ತು. ಸಾಂಬ್ರಾಣಿಯಿಂದ ಈಚೆಗೆ ನಡೆದೇ ಬಂದೆನೆಂದು ಹೆಮ್ಮೆಯಿಂದ ಹೇಳಿದಳು. ಕೈಯಲ್ಲಿ ಎಲೆಯ ದೊನ್ನೆ, ಬಾಳೆಯ ನಾರಿನಿಂದ ಕಟ್ಟಿದ್ದು.

"ಅತ್ತಿ ಕಳಿಸ್ಯಾಳ್ರಿ. ನಿನ್ನೆ ಕೇರಿಯವರು ಜೇನು ತಗದ್ರು. ಇದು ನಿಮ್ಮ ಪಾಲು."

"ಅಯ್ಯ, ಇಷ್ಟೊಂದು ಯಾಕವಾ? ನಿಮಗ ಇರಲಿ."

"ಹಂಗ ಅನಬಾರದ್ರಿ ಬಾಯಿ," ಎಂದ ಪಾವ್ಲು, ಅಪರೂಪಕ್ಕೆ ಗಟ್ಟಿ ದನಿಯಲ್ಲಿ. "ಮನಿಗೊಂದು ಪಾಲು ಹಾಕಿದ್ವಿ. ನಮಗ ಎಷ್ಟೋ ನಿಮಗೂ ಅಷ್ಟ. ಕಹಿ ಹಂಚಿಕೊಂಡವರಿಗೆ ಜೇನು ಕೊಡದ ಬಿಟ್ರ ಕೇರಿ ಮಂದಿ ನಮ್ಮನ್ನ ಒಳಗ ಬಿಡೂದಿಲ್ಲ."

ತಾಯವ್ವ ದೊನ್ನೆಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡಳು. ಮುಂಬಯಿಯಲ್ಲಿ ಅವಳ ಹೊಲಿಗೆ ಹೊಗಳಿದವರಿದ್ದರು, ಬಹುಮಾನ ಕೊಟ್ಟವರೂ ಇದ್ದರು. ಅಡಿಗೆಮನೆಯ ಪಾಲಿನ ಲೆಕ್ಕದಲ್ಲಿ ಅವಳನ್ನು ಸೇರಿಸಿಕೊಂಡವರು ಮಾತ್ರ ಇವರೇ ಮೊದಲು. ಅವಳು ದೊನ್ನೆ ಬಿಚ್ಚಿ ಅಲ್ಲಿದ್ದವರಿಗೆಲ್ಲ ಹಂಚಿದಳು, ತಂದವರನ್ನೂ ಬಿಡಲಿಲ್ಲ. ಡಾಕ್ಟರು ಬೆರಳು ನೆಕ್ಕಿದರು. ಕುರ್ಚಿಯ ಕಡೆ ಹೋಗದೆ ಸ್ಟೂಲನ್ನೇ ಇನ್ನಷ್ಟು ಗೋಡೆಗೆ ಸರಿಸಿ ಆರಾಮವಾಗಿ ಒರಗಿಕೊಂಡರು.

ಸಂಜೆ ತಾಯವ್ವ ಅಪ್ಪನ ಅಂಗಡಿಗೆ ಹೋದಳು. ಈಶಪ್ಪನವರು ಗಿರಾಕಿಯೊಬ್ಬನಿಗೆ ಹಡಗಿನ ವರ್ಣನೆ ಮಾಡುತ್ತಿದ್ದರು. ಮಗಳನ್ನು ಕಂಡು ಮಾತು ನಿಲ್ಲಿಸಿದರು.

"ಅಪ್ಪಾ, ದವಾಖಾನಿಗೆ ಸಕ್ಕರಿ ಬೇಕ್ರಿ."

"ಸಕ್ಕರಿ ಯಾತಕ್ಕ? ಎರಡನೇ ಬಾಟ್ಲಿ ನೀನ ನಿಲ್ಸಿದ್ದೆಲ್ಲ?"

"ತಿರುಗಿ ಶುರು ಮಾಡೇನಿ. ಆರಾಮ ಇಲ್ಲದವರ ಜೋಡಿ ಕುಂತು ಕುಡಿಯೂ ಮಂದೀಗೆ ಬೇಕದು."

"ಹೂಂ. ಎಷ್ಟು ಕಟ್ಟಲಿ? ನೀ ಹೋಗೂತನಕ ಎಷ್ಟು ಬೇಕೋ ಅಷ್ಟು ಹೇಳು."

"ಮಳಿ ಬಿದ್ದ ಮ್ಯಾಲೆ ಜ್ವರ ಇನ್ನೂ ಜಾಸ್ತಿ ಅಲ್ರಿ ಅಪ್ಪಾ. ವರ್ಷಪೂರ್ತಿ ಬೇಕಾಗ್ತೈತಿ." ತಾಯವ್ವ ನೇರವಾಗಿ ಹೇಳಿದಳು. "ನಾ ಮುಂಬಯಿಗೆ ಹೋಗೂದಿಲ್ಲರಿ. ಇಲ್ಲೇ ಡಾಕ್ಟರ್ ಕಾಕಾರ ಜೋಡಿ ಇರ್ತೇನಿ."

ಈಶಪ್ಪನವರ ಕೈಯಲ್ಲಿದ್ದ ತಕ್ಕಡಿ ಹಾಗೇ ನಿಂತಿತು. ಒಂದು ತಟ್ಟೆ ಮೇಲೆ, ಒಂದು ಕೆಳಗೆ. ಗಿರಾಕಿ ಒಮ್ಮೆ ಅಪ್ಪನ ಮುಖ, ಒಮ್ಮೆ ಮಗಳ ಮುಖ ನೋಡಿದ. ಹೊರಗೆ ಕಟ್ಟಿಗೆಯ ಗಾಡಿಗಳ ಸಾಲು ಹಾದುಹೋಯಿತು.

"ನೋಡಪಾ," ಎಂದರು ಕೊನೆಗೆ, ಮಗಳಿಗಲ್ಲ, ಗಿರಾಕಿಗೆ. "ಮುಂಬಯಿಯ ಸರ್ಜನ್ ಸಾಹೇಬ್ರು ಬಾ ಬಾ ಅಂತ ಕರದ್ರು. ನಮ್ಮ ತಾಯವ್ವ ಒಲ್ಲೆ ಅಂದ್ಲು! ಅಂಥಾವ್ರಿಗೆ ಒಲ್ಲೆ ಅನ್ನಾಕ ಎಷ್ಟು ಮಂದಿಗೆ ಆಗ್ತೈತಿ, ಹೇಳು ನೋಡೂಣು?"

"ಯಾರಿಗೂ ಆಗೂದಿಲ್ರಿ," ಎಂದ ಗಿರಾಕಿ, ತನ್ನ ಬೆಲ್ಲ ಬೇಗ ಸಿಗಲಿ ಎಂದು.

ಈಶಪ್ಪನವರು ಸಕ್ಕರೆ ತೂಗಿದರು. ಮುಳ್ಳು ನಿಂತ ಮೇಲೆ ಇನ್ನೊಂದು ಹಿಡಿ ಹಾಕಿದರು. ಪೊಟ್ಟಣಕ್ಕೆ ದಾರ ಸುತ್ತುವಾಗ ಏನೋ ನೆನಪಾಗಿ ಬಿಚ್ಚಿದರು. ಮೇಲಿನ ಡಬ್ಬಿ ತೆಗೆದು ನಾಲ್ಕು ಏಲಕ್ಕಿ ಆರಿಸಿ ಸಕ್ಕರೆಯಲ್ಲಿ ಹುದುಗಿಸಿ ಮತ್ತೆ ಕಟ್ಟಿದರು.

"ಬರೇ ಬಣ್ಣ ಹಾಕಿ ಕೊಡತಾನ ಆ ಚನಬಸಪ್ಪ," ಎಂದು ಗೊಣಗಿದರು. "ಜೋಡಿಗೆ ಕುಡಿಯೂ ಮಂದೀಗೆ ಬಾಯಿಗೆ ರುಚಿ ಆಗೋದು ಬ್ಯಾಡೇನು?"